ಮದರ್‌ಬೋರ್ಡಿನ ವೋಲ್ಟೇಜ್ ನೋಡುವಾಗ ಕಪ್ಪು ಪ್ರೋಬ್ ಎಲ್ಲಿದೆ?

ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿಯಿತು ಅಂದರೆ ಕಂಪ್ಯೂಟರಿಗೂ ಥಂಡಿ. ಹೋದ ಮಳೆಗಾಲ ನಮ್ಮ ಮನೆಯದು ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. 12 ವೋಲ್ಟ್ ಲೈನಿಗೆ ಮಲ್ಟಿಮೀಟರ್ ಹಿಡಿದರೆ ಒಮ್ಮೆ 9, ಒಮ್ಮೆ 12. ಬೋರ್ಡಿಗೆ ಕರೆಂಟು ಕೊಡುವ ಪವರ್ ಸಪ್ಲೈ ಕೆಟ್ಟಿತು ಅಂದುಕೊಂಡೆ, ಆದರೆ ಮೀಟರಿನ ಕಪ್ಪು ಪ್ರೋಬ್ (ಮುಟ್ಟಿಸುವ ಕಡ್ಡಿ) ಇದ್ದದ್ದು ಪೇಂಟ್ ಹೊಡೆದ ಕ್ಯಾಬಿನೆಟ್ ಮೇಲೆ! ಬೋರ್ಡಿನ ಸ್ಕ್ರೂ ತೂತಿನ ಸುತ್ತ ಇರುವ ಲೋಹದ ಬಳೆಗೆ ಇಟ್ಟೆ, 12.05ಕ್ಕೆ ನಿಂತಿತು.

ಮೊದಲು ಮೀಟರನ್ನೇ ನೋಡಿ. ಡಿಸಿ 20 ವೋಲ್ಟ್ ರೇಂಜ್ ಇರಲಿ. ಕೆಂಪು ವೈರ್ 10 ಆಂಪ್ ತೂತಿನಲ್ಲಿ ಬೇಡವೇ ಬೇಡ, ಮುಟ್ಟಿಸಿದ ಕೂಡಲೇ ಶಾರ್ಟ್. ಮೀಟರ್ ಸರಿಯಿದೆಯಾ ಅಂತ ನೋಡಲು, ಹೊಸ ಸಿಆರ್2032 (ಬೋರ್ಡಿನಲ್ಲಿ ಇರುವಂಥ ನಾಣ್ಯದಾಕಾರದ) ಸೆಲ್ 3 ವೋಲ್ಟಿಗಿಂತ ಸ್ವಲ್ಪ ಜಾಸ್ತಿ ತೋರಿಸಬೇಕು. ಮೀಟರಿನ ಬ್ಯಾಟರಿ ಇಳಿದಿದ್ದರೆ ಮೊದಲು ಬದಲಿಸಿ, ಇಳಿದ ಬ್ಯಾಟರಿಯಲ್ಲಿ ಬಂದ ಅಂಕಿ ನಂಬುವಂಥದ್ದಲ್ಲ.

ಕಪ್ಪು ಪ್ರೋಬಿಗೆ ಮೊಸಳೆ ಕ್ಲಿಪ್ ಹಾಕಿ, ಅಳೆಯುವ ಜಾಗದ ಹತ್ತಿರದ ಗ್ರೌಂಡಿಗೆ (ಆ ಲೋಹದ ಬಳೆಯಂಥ ಸೊನ್ನೆ ವೋಲ್ಟಿನ ಜಾಗಕ್ಕೆ) ಕಚ್ಚಿಸಿ. ಒಂದು ಕೈ ಖಾಲಿಯಾಗುತ್ತದೆ, ಜಾರುವ ಭಯವೂ ಕಡಿಮೆ. ಹತ್ತಿರ ಯಾಕೆ ಅಂದರೆ, ಬೋರ್ಡಿನಲ್ಲಿ ಕರೆಂಟು ಹರಿಯುವಾಗ ಗ್ರೌಂಡ್ ದಾರಿಯಲ್ಲೂ ಒಂದಿಷ್ಟು ವೋಲ್ಟೇಜ್ ಬೀಳುತ್ತದೆ. 12 ವೋಲ್ಟಿನಲ್ಲಿ 50 ಮಿಲಿವೋಲ್ಟ್ ತಪ್ಪಿದರೆ ಏನೂ ಅಲ್ಲ, ಆದರೆ ಪ್ರೊಸೆಸರಿನ 1 ವೋಲ್ಟಿನಲ್ಲಿ ಅದೇ ನೂರಕ್ಕೆ 5 ಆಯಿತು ಅಲ್ವಾ?

ನಮ್ಮ ತೇವಕ್ಕೆ ಸಾಲ್ಡರ್ ಮೇಲೆ ಕಿಲುಬು ಕೂರುತ್ತದೆ. ಪವರ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಕೆಂಪು ಪ್ರೋಬಿಗೆ ಸ್ಲೀವ್ ತೊಡಿಸಿ, 2 ಮಿ.ಮೀ. ತುದಿ ಮಾತ್ರ ಹೊರಗಿರಲಿ. 12 ವೋಲ್ಟ್ ಪಕ್ಕದ ಪ್ರೊಸೆಸರ್ ಲೈನಿಗೆ ತಗುಲಿದರೆ ಪ್ರೊಸೆಸರ್ ಉಳಿಯುವುದು ಕಷ್ಟ.

ಸಪ್ಲೈಯಿಂದ ಬೋರ್ಡಿಗೆ ಬರುವ 24 ಪಿನ್ನಿನ ಕನೆಕ್ಟರ್ ಕಿತ್ತು ಅಳೆಯಬೇಡಿ. ಕಂಪ್ಯೂಟರ್ ಓಡುತ್ತಿರುವಾಗಲೇ, ವೈರ್ ಒಳಹೋಗುವ ಹಿಂಬದಿಯಿಂದ ಪ್ರೋಬ್ ತೂರಿಸಿ. ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ಬರಬೇಕು. ನೇರಳೆಯಲ್ಲಿ ಕಂಪ್ಯೂಟರ್ ಆಫ್ ಇದ್ದರೂ 5 ಇರುತ್ತದೆ. ವೈರೆಲ್ಲಾ ಕಪ್ಪಾಗಿದ್ದರೆ ಬಣ್ಣ ನೋಡಿ ಪ್ರಯೋಜನವಿಲ್ಲ, ಪಿನ್ ನಂಬರೇ ಗತಿ.

ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟು ನೋಡಿದರೆ ಸಾಲದು. ಭಾರದ ಗೇಮೋ ವಿಡಿಯೋ ಕೆಲಸವೋ ಓಡಿಸಿ, ಮತ್ತೆ ಅಳೆಯಿರಿ. ಆಗ ಹಳದಿ 11.4ರ ಕೆಳಗೆ ಹೋದರೆ ಬೋರ್ಡನ್ನು ಬಿಟ್ಟು ಮೊದಲು ಸಪ್ಲೈ ಬದಲಿಸಿ ನೋಡಿ. ಸಪ್ಲೈ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.