ಆರು ಬಟ್ಟಲು, ಆರು ಹುಣಸೆ ಬೀಜ

ಎಂ.ಎಸ್ಸಿ. ಸೇರಿದ ವರ್ಷ ಬೆಳಗಾವಿಯಿಂದ ಭೂತರಾಮನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ (ಅಸಂಖ್ಯ ಕಣಗಳ ಲೆಕ್ಕದಿಂದ ಶಾಖದಂಥವನ್ನು ವಿವರಿಸುವ ಭೌತಶಾಸ್ತ್ರ) ನೋಟ್ಸ್ ಬಾಯಿಪಾಠ ಮಾಡುತ್ತಿದ್ದೆ. ಎಂಟ್ರೋಪಿಯ ಸೂತ್ರ ಬರುತ್ತಿತ್ತು. ಅದರೊಳಗಿನ ಡಬ್ಲ್ಯೂ ಏನನ್ನು ಎಣಿಸುತ್ತದೆ ಅಂತ ಕೇಳಿದರೆ ಮಾತೇ ಹೊರಡುತ್ತಿರಲಿಲ್ಲ.

ರಜೆಗೆ ಊರಿಗೆ ಹೋದಾಗ ಅವ್ವ ವರ್ಷದ ಹುಣಸೆಹಣ್ಣು ಬಿಡಿಸುತ್ತಿದ್ದಳು. ಒಂದು ಹಿಡಿ ಬೀಜ ಕಟ್ಟಿಕೊಂಡು ರೂಮಿಗೆ ಬಂದೆ. ಬಟ್ಟಲು ಅಂದರೆ ಒಂದು ಆಸಿಲೇಟರ್ (ಕಂಪಿಸುವ ಕಣ), ಬೀಜ ಅಂದರೆ ಶಕ್ತಿಯ ಒಂದು ಕಂತು. ಮೂರು ಬಟ್ಟಲಿಗೆ ಮೂರು ಬೀಜ ಹಂಚಿದೆ. ಮೂರೂ ಒಂದರಲ್ಲೇ ಇದ್ದರೆ 3 ಬಗೆ. ಎರಡು ಒಂದರಲ್ಲಿ, ಇನ್ನೊಂದು ಬೇರೆಯದರಲ್ಲಿ ಇದ್ದರೆ 6. ತಲಾ ಒಂದಾದರೆ 1. ಒಟ್ಟು 10. ಆ ಡಬ್ಲ್ಯೂ ಎಣಿಸುವುದು ಈ ಬಗೆಗಳನ್ನೇ; ಬಗೆ ಜಾಸ್ತಿಯಾದಷ್ಟೂ ಎಂಟ್ರೋಪಿ ಜಾಸ್ತಿ.

ರೂಮ್‌ಮೇಟ್ ಒಪ್ಪಲಿಲ್ಲ. "ಈ ಬೀಜಕ್ಕ ಕಲಿ ಐತಿ, ಅದಕ್ಕಿಲ್ಲ. ಎರಡೂ ಒಂದ ಹೆಂಗ ಆಗ್ತಾವಲೇ?" ಅಂದ. ಬೀಜಗಳನ್ನು ಬೇರೆ ಬೇರೆ ಅಂತ ಎಣಿಸಿದರೆ 27 ಬರುತ್ತದೆ, ನಿಜ. ಆದರೆ ಶಕ್ತಿಯ ಕಂತಿಗೆ ಗುರುತು ಇಲ್ಲ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಹೀಗೆ ಗುರುತಿಲ್ಲದವು ಅಂತಲೇ ಎಣಿಸಿ, ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದ್ದರು. ಎಣಿಸುವ ರೀತಿ ಬದಲಾದರೆ ಭೌತಶಾಸ್ತ್ರವೇ ಬದಲಾಗುತ್ತದೆ ಅಂತ ನನಗೆ ಅವತ್ತು ಮನಸ್ಸಿಗೆ ಹೊಕ್ಕಿತು.

ಆಮೇಲೆ ಎಡಕ್ಕೆ ಮೂರು, ಬಲಕ್ಕೆ ಮೂರು ಬಟ್ಟಲಿಟ್ಟು ಆರು ಬೀಜ ಹಂಚಿದೆ. ಆರೂ ಎಡಕ್ಕಿದ್ದರೆ 28 ಬಗೆ. ಒಂದು ಬೀಜ ಬಲಕ್ಕೆ ಹೋದರೆ 63. ಎರಡು ಹೋದರೆ 90. ಮೂರು-ಮೂರಾದರೆ 100. ಅದರಾಚೆ ಮತ್ತೆ 90, 63, 28. ಒಟ್ಟು 462. ಶಾಖವನ್ನು ಯಾರೂ ಸಮನಾಗಿ ಹಂಚಿಕೊಳ್ಳುವ ಕಡೆಗೆ ತಳ್ಳುವುದಿಲ್ಲ. ಸುಮ್ನೆ ಆ ಕಡೆ ಬಗೆಗಳು ಜಾಸ್ತಿ, ಅಷ್ಟೇ. ಆರೇ ಬೀಜವಾದ್ದರಿಂದ ಎಲ್ಲವೂ ಮತ್ತೆ ಎಡಕ್ಕೇ ಸೇರುವ ಸಂಭವವೂ ಇದೆ, 462ರಲ್ಲಿ 28. ಒಂದು ಲೋಟ ಚಹಾದಲ್ಲಿರುವಷ್ಟು ಅಣುಗಳಿದ್ದರೆ ಅದನ್ನು ಕಾಯುತ್ತಾ ಕೂರುವ ಹಾಗಿಲ್ಲ.

ಅಲ್ಲಿಂದ ಥರ್ಮೋಡೈನಮಿಕ್ಸ್‌ನ ಮ್ಯಾಕ್ಸ್‌ವೆಲ್ ಸಂಬಂಧಗಳನ್ನು (ಒತ್ತಡ, ತಾಪ, ಎಂಟ್ರೋಪಿಗಳ ಬದಲಾವಣೆಯನ್ನು ಜೋಡಿಸುವ ಸಮೀಕರಣಗಳು) ಉರು ಹೊಡೆಯುವುದನ್ನೂ ಬಿಟ್ಟೆ. ಬೇಕಾದಾಗ ಫ್ರೀ ಎನರ್ಜಿಯ (ಶಕ್ತಿ, ತಾಪ, ಎಂಟ್ರೋಪಿ ಮೂರೂ ಸೇರಿದ ಒಂದು ಪರಿಮಾಣ) ಸೂತ್ರದಿಂದಲೇ ತೆಗೆಯುತ್ತೇನೆ, ಎರಡು ಸಾಲಿನ ಕೆಲಸ.

ಐಸಿಂಗ್ ಮಾಡೆಲ್ (ಅಯಸ್ಕಾಂತದ ಒಂದು ಸರಳ ಮಾದರಿ) ಬಂದಾಗ ಬೀಜಗಳನ್ನು ಕಲ್ಲಿಗೆ ಉಜ್ಜಿ, ಚೌಕಾಬಾರಕ್ಕೆ ಮಾಡುವ ಹಾಗೆ ಎರಡು ಹೋಳು ಮಾಡಿದೆ. ಬಿಳಿ ಮೇಲೆ ಇದ್ದರೆ ಮೇಲ್ಮುಖದ ಸ್ಪಿನ್ (ಕಣದೊಳಗಿನ ಪುಟ್ಟ ಅಯಸ್ಕಾಂತ ಅಂದುಕೊಳ್ಳಿ), ಕಪ್ಪು ಇದ್ದರೆ ಕೆಳಮುಖ. ನಾಲ್ಕನ್ನು ಉಂಗುರದ ಹಾಗೆ ಜೋಡಿಸಿದರೆ ಒಟ್ಟು 16 ಸ್ಥಿತಿ. ಅಕ್ಕಪಕ್ಕದವು ಒಂದೇ ಬಣ್ಣವಾದರೆ ಶಕ್ತಿ ಇಳಿಯುತ್ತದೆ, ಬೇರೆಯಾದರೆ ಅಷ್ಟೇ ಏರುತ್ತದೆ. ಎಲ್ಲವೂ ಒಂದೇ ಬಣ್ಣ 2, ಒಂದು ಬಿಟ್ಟು ಒಂದು 2, ಉಳಿದ 12ಕ್ಕೆ ಶಕ್ತಿ ಸೊನ್ನೆ. ಪಾರ್ಟಿಶನ್ ಫಂಕ್ಷನ್ (ಎಲ್ಲ ಸ್ಥಿತಿಗಳನ್ನೂ ಅವುಗಳ ಶಕ್ತಿಗೆ ತಕ್ಕ ತೂಕ ಕೊಟ್ಟು ಕೂಡಿದ ಮೊತ್ತ) ಅನ್ನು ನೆಲದ ಮೇಲಿನ ಆ ಹೋಳುಗಳನ್ನು ನೋಡಿಕೊಂಡೇ ಬರೆದೆ.