ಮನೆ ಮಾರುವ ಮುನ್ನ ಯಾವ ದುರಸ್ತಿ ಮಾಡಿಸಬೇಕು, ಯಾವುದನ್ನು ಬಿಡಬೇಕು

ಮನೆ ಮಾರಲು ನಿಶ್ಚಯಿಸಿದವರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಬಣ್ಣ ಹಚ್ಚುವವರನ್ನು ಕರೆಸುತ್ತಾರೆ. ವಿಜಯಪುರದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯನ್ನು ಮಾರುವಾಗ ನಾವೂ ಹಾಗೆಯೇ ಮಾಡಿದೆವು. ಏಪ್ರಿಲ್ ತಿಂಗಳಿನಲ್ಲಿ ಗೋಡೆಯ ಬಿರುಕುಗಳಿಗೆ ಸಿಮೆಂಟು ತುಂಬಿಸಿ, ಮೇಲೆ ಪುಟ್ಟಿ ಎಳೆಸಿ, ಇಡೀ ಮನೆಗೆ ಬಣ್ಣ ಹಚ್ಚಿಸಿ, ಅಡುಗೆಮನೆಗೆ ಹೊಸ ಗ್ರಾನೈಟ್ ಕಟ್ಟೆ ಹಾಕಿಸಿದೆವು. ಸೆಪ್ಟೆಂಬರ್ ಮಳೆ ಬಿದ್ದಾಗ ತುಂಬಿಸಿದ ಸಿಮೆಂಟು ಉಬ್ಬಿ ಬಣ್ಣದ ಸಮೇತ ಕಿತ್ತು ಬಂತು. ಮನೆ ಕೊಂಡವರು ಅಡುಗೆಮನೆ ಆಗ್ನೇಯಕ್ಕೇ ಇರಬೇಕೆಂದು ಆ ಹೊಸ ಕಟ್ಟೆಯನ್ನು ಒಂದೇ ವಾರದಲ್ಲಿ ಒಡೆಸಿದರು. ನಾವು ಕೈಯಿಡದೆ ಬಿಟ್ಟಿದ್ದ ಮಾಳಿಗೆಯ ಸೋರಿಕೆಯನ್ನು ತೋರಿಸಿಯೇ ಅವರು ಬೆಲೆ ಇಳಿಸಿದ್ದರು. ಅಂದಿನಿಂದ ಬಂಧುಗಳ ಮನೆ ವ್ಯವಹಾರಗಳಲ್ಲಿ ಜೊತೆಗಿದ್ದು ನೋಡಿದ್ದನ್ನೂ ಸೇರಿಸಿ, ಯಾವುದಕ್ಕೆ ಹಣ ಹಾಕಬೇಕೆಂಬುದನ್ನು ನಿರ್ಧರಿಸುವ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಬರುವವರು ಕೊಳ್ಳುವುದು ನಿಮ್ಮ ಮನೆಯನ್ನೋ ಅಥವಾ ಮನೆಯ ಕೆಳಗಿನ ಜಾಗವನ್ನೋ ಎಂಬುದು. ಬೆಳಗಾವಿಯ ಶಹಾಪುರ, ವಡಗಾವಿಯಂಥ ಹಳೆಯ ಓಣಿಗಳಲ್ಲಿ ಹಂಚಿನ ಮನೆಯನ್ನು ಕೊಳ್ಳುವವರು ಅದನ್ನು ಕೆಡವಿ ಹೊಸದಾಗಿ ಕಟ್ಟುವ ವಿಚಾರದಲ್ಲಿದ್ದರೆ, ನೀವು ಮಾಡಿಸುವ ಯಾವ ದುರಸ್ತಿಗೂ ಒಂದು ರೂಪಾಯಿ ಮರಳುವುದಿಲ್ಲ. ಅಂಥ ಕಡೆ ಬೇಡದ ಹಳೆಯ ಸಾಮಾನು ಖಾಲಿ ಮಾಡಿ, ಹಿತ್ತಲಿನ ಕಸ ತೆಗೆಸಿ, ಜಾಗದ ನಾಲ್ಕೂ ಗಡಿ ಕಣ್ಣಿಗೆ ಕಾಣುವಂತೆ ಮಾಡಿದರೆ ಸಾಕು. ಓಣಿಯಲ್ಲಿ ಹಿಂದಿನ ಎರಡು ಮೂರು ವರ್ಷಗಳಲ್ಲಿ ಮಾರಾಟವಾದ ಮನೆಗಳು ಈಗ ಹೇಗಿವೆ ಎಂದು ಒಂದು ಸುತ್ತು ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಹಾಗೆಯೇ, ಗೌಂಡಿಯನ್ನು ಕರೆಯುವ ಮೊದಲು ಉತಾರ (ಆಸ್ತಿಯ ಹಕ್ಕಿನ ದಾಖಲೆ), ಇ-ಖಾತೆ, ತೆರಿಗೆ ರಸೀದಿಗಳನ್ನು ಸರಿಪಡಿಸಿಕೊಳ್ಳಿ. ಆಲಮಟ್ಟಿ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ ನಿವೇಶನ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ, ವಾರಸಾ ನೋಂದಣಿಯಾಗುವವರೆಗೆ ದುರಸ್ತಿಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ಬರುವವರು ಮನೆಯನ್ನೇ ಕೊಳ್ಳುವವರೆಂದು ಖಚಿತವಾದರೆ ಒಂದು ನೋಟ್‌ಬುಕ್ ತೆಗೆದುಕೊಂಡು ಕೋಣೆಯಿಂದ ಕೋಣೆಗೆ ನಡೆಯಿರಿ. ಕಂಡ ಪ್ರತಿಯೊಂದು ದೋಷದ ಎದುರು ಎರಡು ಮೊತ್ತ ಬರೆಯಬೇಕು: ಇದನ್ನು ಸರಿಪಡಿಸಲು ಗೌಂಡಿ ಕೇಳುವ ಹಣವೆಷ್ಟು, ಇದನ್ನು ಕಂಡ ಕೊಳ್ಳುವವರು ಬೆಲೆಯಲ್ಲಿ ಕಡಿಮೆ ಮಾಡುವಂತೆ ಕೇಳುವ ಹಣವೆಷ್ಟು. ಮೊದಲನೆಯದಕ್ಕೆ ಇಬ್ಬರು ಗೌಂಡಿಗಳನ್ನು ಬೇರೆ ಬೇರೆಯಾಗಿ ಕೇಳಿ. ಎರಡನೆಯದಕ್ಕೆ ನಿಮ್ಮ ಮನೆಯ ಮೇಲೆ ಮಮತೆಯಿಲ್ಲದ ಒಬ್ಬರನ್ನು, ಏಜಂಟರಾದರೂ ಸರಿ, ಕರೆದು ತೋರಿಸಿ. ಉದಾಹರಣೆಗೆ, 40 ಸಾವಿರದಲ್ಲಿ ನಿಲ್ಲುವ ಸೋರಿಕೆಗೆ ಕೊಳ್ಳುವವರು ಒಂದೂವರೆ ಲಕ್ಷ ಕಡಿಮೆ ಕೇಳುತ್ತಾರೆ, ಏಕೆಂದರೆ ನೀರಿನ ಕಲೆ ಕಂಡವರಿಗೆ ಸ್ಲ್ಯಾಬಿನ ಒಳಗಿನ ಕಬ್ಬಿಣದ ಸರಳೇ ಹೋಗಿರಬಹುದೆಂಬ ಭಯ ಹುಟ್ಟುತ್ತದೆ. ಭಯದ ಬೆಲೆ ಕೆಲಸದ ಬೆಲೆಗಿಂತ ಬಹಳ ಹೆಚ್ಚಾಗಿರುವ ದುರಸ್ತಿಗಳನ್ನು ಮಾಡಿಸಬೇಕು. ಎರಡು ಮೊತ್ತಗಳು ಹತ್ತಿರ ಹತ್ತಿರ ಇದ್ದರೆ ಅದನ್ನು ಹಾಗೆಯೇ ಬಿಟ್ಟು ಬೆಲೆಯಲ್ಲಿ ಹೊಂದಿಸಿಕೊಳ್ಳುವುದೇ ಮೇಲು.

ಈ ಲೆಕ್ಕದಲ್ಲಿ ಮಾಳಿಗೆ ಯಾವಾಗಲೂ ಮೊದಲು ಬರುತ್ತದೆ. ಆಷಾಢದಲ್ಲಿ ನಮ್ಮ ಕಡೆ ಮನೆ ಕೊಳ್ಳುವ ಮಾತುಕತೆ ನಡೆಯುವುದು ಅಪರೂಪ. ಮಳೆ ಹಿಡಿದ ಆ ತಿಂಗಳಿನಲ್ಲಿ ಪ್ರತಿ ಕೋಣೆಯ ಮೂಲೆಯನ್ನು ಕತ್ತೆತ್ತಿ ನೋಡಿ, ತೇವ ಕಂಡಲ್ಲಿ ಪೆನ್ಸಿಲಿನಿಂದ ಅಂಚು ಗುರುತಿಸಿ ತಾರೀಖು ಬರೆದಿಡಿ. ಮಳೆಗಾಲಕ್ಕೆ ಕಾಯುವ ಅವಕಾಶವಿಲ್ಲದಿದ್ದರೆ, ನೀರಿಳಿಯುವ ಪೈಪಿನ ಬಾಯಿ ಮುಚ್ಚಿ, ಅನುಮಾನವಿರುವ ಭಾಗಕ್ಕೆ ಮಣ್ಣಿನ ಅಥವಾ ಗಾರೆಯ ಸಣ್ಣ ಬದು ಕಟ್ಟಿ, ಎರಡು ಬೆರಳು ನೀರನ್ನು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ ಕೆಳಗಿನಿಂದ ನೋಡಬೇಕು; ಸ್ಲ್ಯಾಬಿನ ಸರಳು ಈಗಾಗಲೇ ಹೊರಗೆ ಕಾಣುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಅನೇಕ ವೇಳೆ ಸೋರಿಕೆಗೆ ಕಾರಣ ಸ್ಲ್ಯಾಬ್ ಆಗಿರುವುದಿಲ್ಲ; ಎಲೆ ತುಂಬಿ ಕಟ್ಟಿಕೊಂಡ ಪೈಪು, ಕೈಪಿಡಿ ಗೋಡೆ ಮಾಳಿಗೆಗೆ ಸೇರುವ ಸಂದಿನ ಒಡಕು, ನೀರಿನ ಟಾಕಿಯ ಕೆಳಗಿನ ಹನಿ, ಇವೇ ಆಗಿರುತ್ತವೆ, ಮತ್ತು ಇವು ಅಗ್ಗದ ಕೆಲಸಗಳು. ಆದರೆ ಒಳಗೆ ಗಾರೆ ಚಕ್ಕೆಯಾಗಿ ಉದುರಿ ತುಕ್ಕಿನ ಸರಳು ಕಂಡರೆ, ಅದರ ಮೇಲೆ ಗಿಲಾವು (ಪ್ಲಾಸ್ಟರಿಂಗ್) ಮಾಡಿಸುವುದು ವ್ಯರ್ಥ. ಕಬ್ಬಿಣ ತುಕ್ಕು ಹಿಡಿದಾಗ ಹಿಗ್ಗಿ ತನ್ನ ಸುತ್ತಲಿನ ಗಾರೆಯನ್ನು ತಾನೇ ಒಡೆಯುತ್ತದೆ, ಹೊಸ ಗಿಲಾವನ್ನೂ ಒಡೆಯುತ್ತದೆ. ಅದಕ್ಕೆ ಎಂಜಿನಿಯರರನ್ನು ಕರೆಸಿ ಲಿಖಿತ ಅಂದಾಜು ತೆಗೆದುಕೊಳ್ಳಿ. ಕೆಲಸ ಮಾಡಿಸದಿದ್ದರೂ ಆ ಕಾಗದ ಚೌಕಾಸಿಯಲ್ಲಿ ಭಯಕ್ಕೆ ಒಂದು ಮಿತಿ ಹಾಕುತ್ತದೆ.

ವಿಜಯಪುರ ಮತ್ತು ಬಾಗಲಕೋಟೆಯ ಕಡೆ ಗೋಡೆಯ ಬಿರುಕುಗಳನ್ನು ಅರ್ಥ ಮಾಡಿಕೊಳ್ಳಲು ಎರೆ ಮಣ್ಣಿನ ಗುಣ ತಿಳಿದಿರಬೇಕು. ಎರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಹೊಲ ಸೀಳುವ ಕಾರಣವೇ ಅದರ ಮೇಲೆ ಆಳವಿಲ್ಲದ ಪಾಯ ಹಾಕಿ ಕಟ್ಟಿದ ಗೋಡೆಯನ್ನೂ ಸೀಳುತ್ತದೆ. ಆದ್ದರಿಂದ ಇಂಥ ಬಿರುಕು ಏಪ್ರಿಲ್, ಮೇ ತಿಂಗಳಿನಲ್ಲಿ ಅಗಲವಾಗಿ ಕಂಡು ಮಳೆಯ ಅನಂತರ ಕೂಡಿಕೊಳ್ಳುವುದುಂಟು. ಬೇಸಿಗೆಯಲ್ಲಿ ಗಟ್ಟಿ ಸಿಮೆಂಟು ತುಂಬಿದರೆ ಗೋಡೆ ಮರಳಿ ಕೂಡುವಾಗ ಅದನ್ನು ಹೊರಗೆ ನೂಕುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಗಿಲಾವಿನ ಮೇಲೆ ಕೂದಲೆಳೆಯಂತೆ ಹರಡಿದ ಗೆರೆಗಳಿಗೆ ಹೆದರಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಂಗಿಯ ಸಂದು ಹಿಡಿದು ಮೆಟ್ಟಿಲಿನಂತೆ ಇಳಿಯುವ ಬಿರುಕನ್ನು ಪರೀಕ್ಷಿಸಬೇಕು. ಗೇಣುದ್ದದ ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಗೋಡೆಗೆ ಕಚ್ಚಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ದಾಟಿಯೂ ಗಾಜು ಅಖಂಡವಾಗಿದ್ದರೆ ಬಿರುಕು ಹಳೆಯದು, ನಿಂತುಹೋದದ್ದು ಎಂದು ಬಹುಮಟ್ಟಿಗೆ ನಂಬಬಹುದು.

ಗಾಜು ಒಡೆದರೆ ಮೊದಲು ಗೋಡೆಯ ಬುಡವನ್ನು ನೋಡಿ. ಬಚ್ಚಲಿನ ನೀರು ಗಟಾರಕ್ಕೆ ಸೇರದೆ ಪಾಯದ ಪಕ್ಕದಲ್ಲಿ ಇಂಗುತ್ತಿರಬಹುದು, ಮಾಳಿಗೆಯ ಪೈಪು ನೇರವಾಗಿ ಗೋಡೆಯ ಬುಡಕ್ಕೆ ಸುರಿಯುತ್ತಿರಬಹುದು, ಸಮೀಪದ ಬೇವಿನ ಮರ ಆ ಒಂದು ಮೂಲೆಯ ತೇವವನ್ನೆಲ್ಲ ಹೀರುತ್ತಿರಬಹುದು. ನೀರಿನ ದಾರಿ ಬದಲಿಸಿ, ಗೋಡೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗುವಂತೆ ಫರಸಿ ಹಾಸಿದರೆ ಪಾಯದ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಮನೆಯ ದುರಸ್ತಿಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೆಚ್ಚು ಪ್ರಯೋಜನ ಕೊಡುವ ಇನ್ನೊಂದನ್ನು ನಾನು ಕಂಡಿಲ್ಲ. ಪಾಯವನ್ನೇ ಬಲಪಡಿಸುವ ದೊಡ್ಡ ಕೆಲಸವನ್ನು ಮಾರುವವರು ಕೈಗೆತ್ತಿಕೊಳ್ಳಬಾರದು. ಅದರ ಖರ್ಚು ಬೆಲೆಯಲ್ಲಿ ಮರಳುವುದು ಕಷ್ಟ.

ಬೆಳಗಾವಿಯಲ್ಲಿ ಮಳೆ ಹೆಚ್ಚು, ಹಂಚಿನ ಮನೆಗಳೂ ಹೆಚ್ಚು. ಅಲ್ಲಿ ಒಡೆದ ಹಂಚುಗಳನ್ನು ಮೃಗಶಿರಾ ಮಳೆಗೆ ಮೊದಲೇ ಬದಲಿಸಿ, ತೊಲೆ ಜಂತಿಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದಲ್ಲಿ ಗೆದ್ದಲು ಸೇರಿದೆ ಎಂದು ಅನುಮಾನಿಸಿ ಬಡಿಗರಿಗೆ ತೋರಿಸಿ.

ಅನಂತರ ನಳ, ಸಂಡಾಸ, ವಿದ್ಯುತ್ತು. ಮನೆ ನೋಡಲು ಬಂದವರು ನಳ ತಿರುಗಿಸುತ್ತಾರೆ, ಫ್ಲಶ್ ಎಳೆಯುತ್ತಾರೆ, ಸ್ವಿಚ್ ಒತ್ತುತ್ತಾರೆ. ಇವುಗಳಲ್ಲಿ ಯಾವುದೂ ಕೆಟ್ಟಿರಬಾರದು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಷಿಯನ್‌ರಿಂದ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಸರಿಪಡಿಸಿ; ಜೊತೆಗೆ, ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದನ್ನು ಬೆಲೆಗಾಗಿ ಹೇಳುತ್ತಿಲ್ಲ. ಆ ಮನೆಯಲ್ಲಿ ಮುಂದೆ ಯಾರದೋ ಮಕ್ಕಳು ಓಡಾಡುತ್ತಾರೆ.

ಮುಟ್ಟದೆ ಬಿಡಬೇಕಾದವುಗಳಲ್ಲಿ ಅಡುಗೆಮನೆ ಮೊದಲನೆಯದು. ವಾಸ್ತು ನೋಡುವವರು, ಹೊಸ ಕಪಾಟು ಬೇಕೆನ್ನುವವರು ಅದನ್ನು ಹೇಗೂ ಬದಲಿಸುತ್ತಾರೆ. ಎರಡನೆಯದು ನೆಲ. ಶಹಾಬಾದ್ ಫರಸಿಯನ್ನು ಕಿತ್ತು ಟೈಲ್ಸ್ ಹಾಕಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಕಲ್ಲಿಗೆ ಪಾಲಿಶ್ ಸಾಕು. ಆದರೆ ಅದು ಸುಣ್ಣದ ಕಲ್ಲಾದ್ದರಿಂದ ಸಂಡಾಸ ತೊಳೆಯುವ ಆಸಿಡ್ ಸುರಿದು ತಿಕ್ಕಬಾರದು; ಆಸಿಡ್ ತಾಗಿದೊಡನೆ ಕಲ್ಲು ನೊರೆಗಟ್ಟಿ ಹೊಳಪು ಶಾಶ್ವತವಾಗಿ ಹೋಗುತ್ತದೆ.

ಬಣ್ಣ ಕೊನೆಗೆ. ಸವಳು (ಉಪ್ಪು) ಹಿಡಿದ, ತೇವವಿರುವ ಗೋಡೆಗೆ ಹಚ್ಚಿದ ಬಣ್ಣ ಬೇಗನೆ ಹಪ್ಪಳದಂತೆ ಏಳುತ್ತದೆ. ಹೊಸ ಗಿಲಾವಿಗೆ ಕನಿಷ್ಠ ನಾಲ್ಕು ವಾರ ಬಿಟ್ಟು, ಮಳೆ ಮುಗಿದ ಮೇಲೆ ಎಲ್ಲ ಕೋಣೆಗಳಿಗೂ ಒಂದೇ ತಿಳಿ ಬಣ್ಣ ಹಚ್ಚಿಸಿದರೆ ದಸರಾ, ದೀಪಾವಳಿಯ ಹೊತ್ತಿಗೆ ಮನೆ ತೋರಿಸಬಹುದು. ಬಿಲ್ಲುಗಳನ್ನು ಎರಡು ಲಕೋಟೆಗಳಲ್ಲಿ ಇಡಿ: ಕೋಣೆ ಹೆಚ್ಚಿಸುವಂಥ ಸುಧಾರಣೆಯ ಖರ್ಚನ್ನು ಬಂಡವಾಳ ಲಾಭದ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು, ಬಣ್ಣದಂಥ ಸಾಮಾನ್ಯ ದುರಸ್ತಿಯನ್ನು ಸಾಧಾರಣವಾಗಿ ಕಳೆಯಲಾಗದು.

ಮಾಡಿಸದೆ ಬಿಟ್ಟ ದೋಷಗಳನ್ನು ಮುಚ್ಚಿಡಬೇಡಿ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಪುಟ್ಟಿಯ ಕೆಳಗೆ ಅಡಗಿಸಿದ ಬಿರುಕು ಅಂಥದ್ದೇ ದೋಷವಾಗಬಹುದು. ಸಂಚಕಾರ ಪತ್ರದಲ್ಲಿ (ಮುಂಗಡ ಪಡೆದು ಮಾಡಿಕೊಳ್ಳುವ ಮಾರಾಟದ ಒಪ್ಪಂದದಲ್ಲಿ) ಬಿಟ್ಟ ದೋಷಗಳನ್ನು ಒಂದೊಂದಾಗಿ ಬರೆಸಿ, ಅದನ್ನು ಗಮನಿಸಿಯೇ ಬೆಲೆ ನಿಶ್ಚಯವಾಗಿದೆ ಎಂದು ಸೇರಿಸಿ. ಬಣ್ಣ ಹಚ್ಚುವವರು ಗೋಡೆಯ ಮೇಲಿನ ಗಾಜಿನ ಪಟ್ಟಿಯನ್ನು ಕೀಳಲು ಬಂದರೆ ತಡೆಯಿರಿ. ತಾರೀಖಿನ ಸಮೇತ ಅದು ಅಲ್ಲೇ ಇರಲಿ, ಮನೆ ನೋಡಲು ಬಂದವರನ್ನು ಅದರ ಎದುರಿಗೇ ಕರೆದುಕೊಂಡು ಹೋಗಿ ತೋರಿಸಿ.