ಡಾಕ್ಯುಮೆಂಟೇಶನ್‌ನಲ್ಲಿ ಸ್ಪೆಲಿಂಗ್ ತಿದ್ದುವ ಮೊದಲು ಒಂದು ಹುಡುಕಾಟ
ಹಾಸನದ ನಮ್ಮ ಗುಂಪಿನಲ್ಲಿ ಓಪನ್ ಸೋರ್ಸ್ ಕೆಲಸ ಶುರು ಮಾಡುತ್ತಿರುವವರಿಗೆ: ಸೀರಿಯಲೈಸೇಶನ್ (ಡೇಟಾವನ್ನು ಕಳಿಸಲು, ಉಳಿಸಲು ಆಗುವ ರೂಪಕ್ಕೆ ತರುವ) ಲೈಬ್ರರಿಯ ಡಾಕ್ಯುಮೆಂಟೇಶನ್‌ನಲ್ಲಿ ತಪ್ಪು ಸ್ಪೆಲಿಂಗ್ ಕಂಡರೆ ತಕ್ಷಣ ತಿದ್ದಬೇಡಿ. ಆ ತಪ್ಪು ಪದವನ್ನೇ ಗಿಟ್ ಗ್ರೆಪ್ ಎಂಬ ಹುಡುಕುವ ಕಮಾಂಡ್‌ನಲ್ಲಿ ಹಾಕಿ ಇಡೀ ಕೋಡ್‌ನಲ್ಲಿ ಹುಡುಕಿ. ವಿವರಣೆಯಲ್ಲಿ, ಕಾಮೆಂಟ್‌ನಲ್ಲಿ ಮಾತ್ರ ಸಿಕ್ಕರೆ ಧೈರ್ಯವಾಗಿ ತಿದ್ದಿ. ಫೀಲ್ಡ್ ಅಥವಾ ಫಂಕ್ಷನ್ ಹೆಸರಲ್ಲೇ ಇದ್ದರೆ ಹಾಗೇ ಬಿಡಿ, ಮೊದಲು ಲೈಬ್ರರಿ ನೋಡಿಕೊಳ್ಳುವವರನ್ನು ಕೇಳಿ. ಯಾಕೆಂದರೆ ಜೇಸನ್ ಎಂಬ ಪಠ್ಯ ರೂಪದ ಡೇಟಾ ಫಾರ್ಮ್ಯಾಟ್‌ನಲ್ಲಿ ಡೇಟಾ ಜೊತೆ ಹೆಸರೂ ಹೋಗುತ್ತದೆ. ಒಂದು ಅಕ್ಷರ ಬದಲಾದರೂ ಡೇಟಾ ಪಡೆಯುವ ಕಡೆಯವರಿಗೆ ಅದು ಬೇರೆ ಫೀಲ್ಡ್, ಅಲ್ವಾ? ಪ್ರೋಟೋಬಫ್ ಎಂಬ ಇನ್ನೊಂದು ಫಾರ್ಮ್ಯಾಟ್‌ನ ಬೈನರಿಯಲ್ಲಿ ಡೇಟಾ ಜೊತೆ ಹೆಸರಿನ ಬದಲು ಫೀಲ್ಡ್ ನಂಬರ್ ಹೋಗುತ್ತದೆ, ಹಾಗಾಗಿ ಅಲ್ಲಿ ಡೇಟಾ ಕೆಡುವುದಿಲ್ಲ. ಆದರೆ ಅದರ ಜೇಸನ್ ರೂಪ, ಅದರಿಂದ ತಯಾರಾಗುವ ಕೋಡ್ ಎರಡೂ ಬದಲಾಗುತ್ತವೆ. ಹೆಸರಿನ ತಪ್ಪು ಹಾಗೇ ಉಳಿಯುವುದಕ್ಕೆ ಒಂದು ಉದಾಹರಣೆ: ವೆಬ್‌ನ ಎಚ್‌ಟಿಟಿಪಿಯ ರೆಫರರ್ ಹೆಡರ್‌ನಲ್ಲಿ (Referrer ಬದಲು Referer) ಒಂದು 'ಆರ್' ಬಿಟ್ಟುಹೋಗಿದ್ದು 1996ರ ಎಚ್‌ಟಿಟಿಪಿ ನಿಯಮಗಳ ದಾಖಲೆ ಆರ್‌ಎಫ್‌ಸಿ 1945ರಲ್ಲೂ ಹಾಗೇ ಇದೆ, ಇವತ್ತಿಗೂ ಅದೇ ನಡೆಯುತ್ತಿದೆ. ತಪ್ಪುಗಳನ್ನು ಹುಡುಕಿಕೊಡಲು ಕೋಡ್‌ಸ್ಪೆಲ್ ಎಂಬ ಟೂಲ್ ತುಂಬಾ ಒಳ್ಳೆಯದು. ಸಾಮಾನ್ಯವಾಗಿ ಆಗುವ ತಪ್ಪುಗಳ ಪಟ್ಟಿ ಇಟ್ಟುಕೊಂಡು ನೋಡುವುದರಿಂದ ತಾಂತ್ರಿಕ ಪದಗಳನ್ನು ಸುಮ್ನೆ ತಪ್ಪು ಅನ್ನುವುದು ಕಡಿಮೆ. ಆದರೆ 'ಫ್ರಮ್' ಬದಲು 'ಫಾರ್ಮ್' ಅಂತ ಬಿದ್ದಿದ್ದರೆ ಎರಡೂ ಸರಿಯಾದ ಪದಗಳೇ, ಹಾಗಾಗಿ ಕೋಡ್‌ಸ್ಪೆಲ್ ಅನ್ನು ನಂಬಬೇಡಿ, ಕಣ್ಣಾರೆ ಓದಲೇಬೇಕು. ಹೆಸರನ್ನು ತುಂಡು ತುಂಡಾಗಿ ಜೋಡಿಸುವ ಕೋಡ್ ಇದ್ದರೆ ಗ್ರೆಪ್‌ಗೂ ಸಿಗುವುದಿಲ್ಲ.